ಎರಡು ಉತ್ತರ ಬಂದರೆ ಯಾವುದನ್ನು ಇಟ್ಟುಕೊಳ್ಳಬೇಕು?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ವರ್ಗ ಸಮೀಕರಣದ್ದೇ, ಅಂದರೆ ಗೊತ್ತಿಲ್ಲದ ಸಂಖ್ಯೆಯ ವರ್ಗ ಬರುವ ಸಮೀಕರಣದ್ದು. ಹಾಗಾಗಿ ಅಂಕಣ ಪೂರ್ತಿ ಅದಕ್ಕೇ ಮೀಸಲು. ಶುರು ಮಾಡುವ ಮುಂಚೆ ಒಂದು ಮಾತು. ಪಠ್ಯಪುಸ್ತಕದಲ್ಲಿ ಗೊತ್ತಿಲ್ಲದ ಸಂಖ್ಯೆಗೆ ‘ಎಕ್ಸ್’ ಅಂತ ಇರುತ್ತದೆ. ಇಲ್ಲಿ ನಾನು ‘ಯ’ ಅಂತ ಬರೆಯುತ್ತೇನೆ, ನಿಮ್ಮ ಪತ್ರಗಳಲ್ಲೂ ಹಾಗೇ ಬದಲಿಸಿಕೊಂಡಿದ್ದೇನೆ. ಇದು ನನ್ನ ಹೊಸ ಪದ್ಧತಿಯೇನಲ್ಲ. ಭಾಸ್ಕರಾಚಾರ್ಯರು 12ನೇ ಶತಮಾನದಲ್ಲಿ ಬೀಜಗಣಿತ ಬರೆದಾಗ ಗೊತ್ತಿಲ್ಲದ ಸಂಖ್ಯೆಯನ್ನು ‘ಯಾವತ್ ತಾವತ್’, ಅಂದರೆ ‘ಎಷ್ಟೋ ಅಷ್ಟು’, ಅಂತ ಕರೆದು ಚಿಕ್ಕದಾಗಿ ‘ಯಾ’ ಅಂತ ಬರೆದರು. ಇನ್ನೊಂದು ಗೊತ್ತಿಲ್ಲದ ಸಂಖ್ಯೆ ಬಂದರೆ ಬಣ್ಣದ ಹೆಸರು: ಕಾಲಕ, ನೀಲಕ, ಪೀತಕ. ನನಗೆ ಈ ಬಣ್ಣಗಳು ತುಂಬಾ ಇಷ್ಟ.

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಮಗಳು ಹತ್ತನೇ ಕ್ಲಾಸು. ಮೊನ್ನೆ ನಡೆದ ಕಿರುಪರೀಕ್ಷೆಯಲ್ಲಿ ಮೂರು ಲೆಕ್ಕಕ್ಕೆ ಅಂಕ ಹೋಗಿದೆ. ಯ² = 49 ಅಂತ ಇತ್ತು, ಅವಳು ಯ = 7 ಅಂತ ಬರೆದಳು. ‘ಇನ್ನೊಂದು ಎಲ್ಲಿ?’ ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. 3ಯ² = 12ಯ ಅನ್ನುವುದಕ್ಕೆ ಯ = 4 ಅಂತ ಬರೆದಳು, ಅಲ್ಲೂ ಅದೇ ಕೆಂಪು ಗೆರೆ. ಮೂರನೆಯದು ಹೀಗಿತ್ತು: ಅಣ್ಣ ತಂಗಿಗಿಂತ 4 ವರ್ಷ ದೊಡ್ಡವನು, ಇಬ್ಬರ ವಯಸ್ಸು ಗುಣಿಸಿದರೆ 96, ಅಣ್ಣನ ವಯಸ್ಸೆಷ್ಟು? ಇದಕ್ಕೆ ‘12 ಅಥವಾ −8’ ಅಂತ ಎರಡೂ ಬರೆದಿದ್ದಾಳೆ. ಅಲ್ಲಿ ಎರಡು ಬರೆದದ್ದೇ ತಪ್ಪಂತೆ. ಒಂದು ಕಡೆ ಬಿಟ್ಟರೆ ತಪ್ಪು, ಇನ್ನೊಂದು ಕಡೆ ಬರೆದರೆ ತಪ್ಪು. ಮಗು ಪುಸ್ತಕ ಮುಚ್ಚಿಟ್ಟು ಕೂತಿದ್ದಾಳೆ. ಏನು ಹೇಳಲಿ?
– ಒಬ್ಬ ತಾಯಿ, ತಿಪಟೂರು

ಉತ್ತರ: ಅಮ್ಮ, ಮೊದಲು ಅವಳಿಗೆ ಹೇಳಿ, ಅವಳು ಕೇಳುತ್ತಿರುವುದು ಸರಿಯಾದ ಪ್ರಶ್ನೆ. 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟಿದ್ದೇನೆ. ವರ್ಗ ಸಮೀಕರಣದಲ್ಲಿ ಮಕ್ಕಳು ಎಡವುವುದು ಲೆಕ್ಕ ಮಾಡಲು ಬಾರದೆ ಅಲ್ಲ, ಯಾವ ಉತ್ತರ ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು ಅಂತ ಯಾರೂ ಬಿಡಿಸಿ ಹೇಳದೆ ಇರುವುದರಿಂದ. ಮೂರು ಲೆಕ್ಕವನ್ನೂ ಒಂದೊಂದಾಗಿ ನೋಡೋಣ, ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಯ² = 49. ಇದು ಏನು ಕೇಳುತ್ತಿದೆ? ಯಾವ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ 49 ಬರುತ್ತದೆ ಅಂತ. 7 × 7 = 49, ಸರಿ. (−7) × (−7) ಕೂಡ 49 ತಾನೇ? ವರ್ಗ ಮಾಡಿದ ತಕ್ಷಣ ಮೈನಸ್ ಅಳಿಸಿಹೋಗುತ್ತದೆ. ನಮ್ಮ ಕೈಗೆ ಸಿಕ್ಕಿರುವುದು ಅಳಿಸಿದ ಮೇಲಿನ 49 ಮಾತ್ರ. ಅಳಿಸುವ ಮುಂಚೆ ಅಲ್ಲಿ 7 ಇತ್ತೋ −7 ಇತ್ತೋ ಅಂತ 49 ನೋಡಿ ಹೇಳಲು ಆಗುವುದಿಲ್ಲ. ಆದ್ದರಿಂದ ಎರಡನ್ನೂ ಬರೆಯಬೇಕು: ಯ = 7 ಅಥವಾ ಯ = −7.

ಇಲ್ಲಿ ಜಾಣ ಮಕ್ಕಳು ಒಂದು ಮಾತು ಎತ್ತುತ್ತಾರೆ: ‘√49 ಅಂದರೆ 7 ಮಾತ್ರ ಅಂತ ಒಂಬತ್ತನೇ ಕ್ಲಾಸಲ್ಲಿ ಹೇಳಿದ್ರಲ್ಲ ಮಿಸ್?’ ಅದೂ ನಿಜ. √ ಚಿಹ್ನೆ ಹಾಕಿದರೆ ಧನ ಸಂಖ್ಯೆ ಮಾತ್ರ ಅಂತ ಎಲ್ಲರೂ ಒಪ್ಪಿಕೊಂಡಿದ್ದೇವೆ, ಒಂದು ಚಿಹ್ನೆಗೆ ಒಂದೇ ಬೆಲೆ ಇರಲಿ ಅಂತ. ಆದರೆ ಯ² = 49 ಅನ್ನುವಲ್ಲಿ ಆ ಚಿಹ್ನೆಯೇ ಇಲ್ಲ. ಅದನ್ನು ತರುತ್ತಿರುವವರು ನಾವು. ತರುವಾಗ ಮುಂದೆ ± ಸೇರಿಸಿಕೊಂಡು ತರಬೇಕು.

ಈಗ 3ಯ² = 12ಯ. ನಿಮ್ಮ ಮಗಳು ಎರಡೂ ಕಡೆ 3ಯ ಹೊಡೆದುಹಾಕಿ ಯ = 4 ಅಂದಿದ್ದಾಳೆ. 3 ಹೊಡೆದದ್ದು ಸರಿ. ಯ ಹೊಡೆದದ್ದು ತಪ್ಪು. ಹೊಡೆದುಹಾಕುವುದು ಅಂದರೆ ಭಾಗಿಸುವುದು, ಸೊನ್ನೆಯಿಂದ ಭಾಗಿಸುವ ಹಾಗಿಲ್ಲ, ಮತ್ತು ಯ ಸೊನ್ನೆ ಅಲ್ಲ ಅಂತ ಅವಳಿಗೆ ಇನ್ನೂ ಗೊತ್ತಿಲ್ಲ, ಅದನ್ನು ಕಂಡುಹಿಡಿಯಲೇ ತಾನೇ ಕೂತಿರುವುದು? ಸೊನ್ನೆ ಹಾಕಿ ನೋಡಿ: ಎಡಗಡೆ 0, ಬಲಗಡೆ 0. ಅಂದರೆ ಸೊನ್ನೆಯೂ ಉತ್ತರವೇ. ಹೊಡೆದುಹಾಕಿದ ಆ ಒಂದು ಗೆರೆಯ ಜೊತೆ ಅದೂ ಹೋಯಿತು.

ಸರಿಯಾದ ದಾರಿ ಇದು. ಎಲ್ಲವನ್ನೂ ಒಂದೇ ಕಡೆ ತನ್ನಿ: 3ಯ² − 12ಯ = 0. ಎರಡಕ್ಕೂ ಸಾಮಾನ್ಯವಾದದ್ದನ್ನು ಹೊರಗೆ ತೆಗೆಯಿರಿ: 3ಯ(ಯ − 4) = 0. ಎರಡು ಸಂಖ್ಯೆ ಗುಣಿಸಿದಾಗ ಸೊನ್ನೆ ಬಂದರೆ ಅವುಗಳಲ್ಲಿ ಒಂದಾದರೂ ಸೊನ್ನೆ ಆಗಿರಲೇಬೇಕು. ಹಾಗಾಗಿ ಯ = 0 ಅಥವಾ ಯ = 4. ಅಪವರ್ತನ ವಿಧಾನ ಪೂರ್ತಿ ನಿಂತಿರುವುದು ಈ ಒಂದು ಗುಣದ ಮೇಲೆ, ಮತ್ತು ಈ ಗುಣ ಇರುವುದು ಸೊನ್ನೆಗೆ ಮಾತ್ರ. (ಯ − 2)(ಯ − 3) = 12 ಅಂತ ಕೊಟ್ಟರೆ ‘ಯ − 2 = 12’ ಅಂತ ಬರೆಯುವ ಮಕ್ಕಳನ್ನು ಪ್ರತಿ ವರ್ಷ ನೋಡಿದ್ದೇನೆ. 12 ಅನ್ನು ಹೇಗೆಲ್ಲ ಒಡೆಯಬಹುದು, 3 × 4, 2 × 6, ಇನ್ನೂ ಎಷ್ಟೋ. ಅದರಿಂದ ಯಾವುದೂ ತೀರ್ಮಾನ ಆಗುವುದಿಲ್ಲ. ಮೊದಲು ಬಿಡಿಸಿ, 12 ಅನ್ನು ಈ ಕಡೆ ತಂದು, ಬಲಗಡೆ ಸೊನ್ನೆ ಮಾಡಿಕೊಳ್ಳಬೇಕು: ಯ² − 5ಯ − 6 = 0, ಅಂದರೆ (ಯ − 6)(ಯ + 1) = 0. ಉತ್ತರ 6 ಅಥವಾ −1. ಎರಡನ್ನೂ ಹಾಕಿ ತಾಳೆ ನೋಡಿ: 4 × 3 = 12, (−3) × (−4) = 12.

ಇನ್ನು ಅಣ್ಣ ತಂಗಿಯ ಲೆಕ್ಕ. ಅಣ್ಣನಿಗೆ ಯ ವರ್ಷ, ತಂಗಿಗೆ ಯ − 4. ಗುಣಿಸಿದರೆ 96: ಯ² − 4ಯ − 96 = 0. ಗುಣಿಸಿದರೆ −96, ಕೂಡಿದರೆ −4 ಬರುವ ಜೋಡಿ −12 ಮತ್ತು +8. ಹಾಗಾಗಿ (ಯ − 12)(ಯ + 8) = 0. ಯ = 12 ಅಥವಾ −8. ಇಲ್ಲಿಯವರೆಗೆ ನಿಮ್ಮ ಮಗಳು ಮಾಡಿದ್ದು ಪೂರ್ತಿ ಸರಿ. ಸಮೀಕರಣಕ್ಕೆ ಎರಡು ಉತ್ತರ ಇವೆ, ಎರಡನ್ನೂ ಕಂಡುಹಿಡಿದಿದ್ದಾಳೆ. ಆದರೆ ಇಲ್ಲಿ ಸಮೀಕರಣ ಬಿಡಿಸಿ ಅಂತ ಕೇಳಿಲ್ಲ, ಅಣ್ಣನ ವಯಸ್ಸು ಕೇಳಿದ್ದಾರೆ. ವಯಸ್ಸು −8 ಇರುವುದಿಲ್ಲ. ಸಮೀಕರಣಕ್ಕೆ ಅಣ್ಣ ಗೊತ್ತಿಲ್ಲ, ತಂಗಿ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ. ಆಯ್ಕೆ ಮಾಡುವ ಕೆಲಸ ನಮ್ಮದು. ಮೊದಲು ಎರಡೂ ಉತ್ತರ ಬರೆಯಲಿ, ಕೆಳಗೆ ಒಂದು ಸಾಲು: ‘ವಯಸ್ಸು ಋಣ ಸಂಖ್ಯೆ ಆಗಲಾರದು, ಆದ್ದರಿಂದ ಅಣ್ಣನ ವಯಸ್ಸು 12.’ ಆ ಸಾಲು ಇದ್ದರೆ ಲೆಕ್ಕ ಪೂರ್ತಿ.

ಹಾಗಾದರೆ ಮೈನಸ್ ಬಂದಾಗೆಲ್ಲ ಬಿಡಬೇಕು, ಪ್ಲಸ್ ಬಂದರೆ ಇಟ್ಟುಕೊಳ್ಳಬೇಕು ಅಂತ ಅವಳು ಅಂದುಕೊಳ್ಳಬಾರದು. ಅದಕ್ಕೆ ಭಾಸ್ಕರಾಚಾರ್ಯರ ಬೀಜಗಣಿತದ ಎರಡು ಕೋತಿ ಲೆಕ್ಕ ಹೇಳುತ್ತೇನೆ. ಮೊದಲನೆಯದು: ಒಂದು ಕೋತಿಗಳ ಹಿಂಡು. ಹಿಂಡಿನ ಎಂಟನೇ ಒಂದು ಭಾಗದ ವರ್ಗದಷ್ಟು ಕೋತಿಗಳು ಕಾಡಿನಲ್ಲಿ ಕುಣಿದಾಡುತ್ತಿವೆ, ಉಳಿದ 12 ಬೆಟ್ಟದ ಮೇಲೆ ಕಾಣುತ್ತಿವೆ. ಒಟ್ಟು ಎಷ್ಟು? ಯ² − 64ಯ + 768 = 0 ಬರುತ್ತದೆ, ಉತ್ತರ 48 ಅಥವಾ 16. ತಾಳೆ ನೋಡಿ. 48ರ ಎಂಟನೇ ಒಂದು ಭಾಗ 6, ವರ್ಗ 36, ಜೊತೆಗೆ 12, ಒಟ್ಟು 48. 16ರ ಎಂಟನೇ ಒಂದು ಭಾಗ 2, ವರ್ಗ 4, ಜೊತೆಗೆ 12, ಒಟ್ಟು 16. ಎರಡೂ ಸರಿ! ಎರಡನ್ನೂ ಅವರು ಒಪ್ಪಿದ್ದಾರೆ.

ಎರಡನೆಯದು: ಹಿಂಡಿನ ಐದನೇ ಒಂದು ಭಾಗದಲ್ಲಿ 3 ಕಳೆದು, ಬಂದದ್ದರ ವರ್ಗದಷ್ಟು ಕೋತಿಗಳು ಗುಹೆಗೆ ಹೋದವು. ಒಂದೇ ಒಂದು ಕೋತಿ ಕೊಂಬೆಯ ಮೇಲೆ ಕಾಣುತ್ತಿದೆ. ಇಲ್ಲಿ ಯ² − 55ಯ + 250 = 0, ಉತ್ತರ 50 ಅಥವಾ 5. ಎರಡೂ ಧನ ಸಂಖ್ಯೆ, ಮೈನಸ್ ಎಲ್ಲೂ ಇಲ್ಲ. ಆದರೂ ಭಾಸ್ಕರಾಚಾರ್ಯರು 5 ಅನ್ನು ಬಿಟ್ಟುಬಿಡುತ್ತಾರೆ. ಯಾಕೆ? 5ರ ಐದನೇ ಒಂದು ಭಾಗ 1. ಒಂದು ಕೋತಿಯಲ್ಲಿ ಮೂರು ಕೋತಿ ಕಳೆಯುವುದು ಹೇಗೆ? −2 ಬರುತ್ತದೆ. ವರ್ಗ ಮಾಡಿದಾಗ ಆ ಮೈನಸ್ ಅಳಿಸಿಹೋಗಿ ಲೆಕ್ಕ ಸರಿ ಇದ್ದ ಹಾಗೆ ಕಾಣುತ್ತದೆ, ಅಷ್ಟೆ. ಋಣದಲ್ಲಿ ಎಣಿಕೆ ಅಂದರೆ ಜನ ಒಪ್ಪುವುದಿಲ್ಲ ಅನ್ನುವುದು ಅವರು ಕೊಟ್ಟ ಕಾರಣ. ಬಂದ ಉತ್ತರವನ್ನು ಸಮೀಕರಣಕ್ಕೆ ಹಾಕಿ ತಾಳೆ ನೋಡಿದರೆ ಇದು ಸಿಕ್ಕಿಬೀಳುವುದಿಲ್ಲ. ಮೂಲ ಪ್ರಶ್ನೆಗೆ ವಾಪಸ್ ಹೋಗಿ, ಪದ ಪದವಾಗಿ ಓದಿಕೊಂಡು ತಾಳೆ ನೋಡಬೇಕು. ಮಗಳಿಗೆ ಈ ಎರಡು ಲೆಕ್ಕ ಮಾಡಿಸಿ. ಪುಸ್ತಕ ತಾನಾಗಿಯೇ ತೆರೆಯುತ್ತಾಳೆ.

ಪ್ರಶ್ನೆ: ಮಿಸ್, ನಾನು ಯ² + 9 = 25 ಲೆಕ್ಕಕ್ಕೆ ಎಲ್ಲದರ ವರ್ಗಮೂಲ ತೆಗೆದು ಯ + 3 = 5, ಯ = 2 ಅಂತ ಬರೆದೆ. ಎರಡೂ ಕಡೆ ಒಂದೇ ಕೆಲಸ ಮಾಡಿದ್ದೀನಿ, ಆದ್ರೂ ತಪ್ಪು ಅಂತಾರೆ.
– 9ನೇ ತರಗತಿ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಪುಟ್ಟಾ, ಮೊದಲು 2 ಹಾಕಿ ನೋಡು. 4 + 9 = 13. 25 ಬರಲಿಲ್ಲ ಅಲ್ವಾ? ಇಷ್ಟು ನೋಡಿದ್ದರೆ ಉತ್ತರ ಪತ್ರಿಕೆ ಕೊಡುವ ಮುಂಚೆ ನಿನಗೇ ಗೊತ್ತಾಗುತ್ತಿತ್ತು.

ಎರಡೂ ಕಡೆ ಒಂದೇ ಕೆಲಸ ಮಾಡಬೇಕು ಅನ್ನುವುದು ಸರಿ. ಆದರೆ ಆ ಕೆಲಸ ಇಡೀ ಎಡಗಡೆಗೆ ಆಗಬೇಕು, ಅಲ್ಲಿರುವ ಒಂದೊಂದು ತುಂಡಿಗೆ ಬೇರೆ ಬೇರೆಯಾಗಿ ಅಲ್ಲ. ನಿಮ್ಮ ಊರಲ್ಲಿ ಎಲ್ಲಾದರೂ ಮನೆ ಕಟ್ಟುತ್ತಿದ್ದರೆ ಗಾರೆ ಕೆಲಸದವರು ಪಾಯ ಗುರುತು ಮಾಡುವಾಗ ಹೋಗಿ ನೋಡು. ಮೂಲೆ ಸರಿಯಾಗಿದೆಯಾ ಅಂತ ನೋಡಲು ಒಂದು ದಾರದ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತು ಹಾಕಿ, ಆ ಎರಡು ಗುರುತಿನ ನಡುವೆ ಅಡ್ಡಕ್ಕೆ ಟೇಪು ಹಿಡಿಯುತ್ತಾರೆ. 5 ಅಡಿ ಬಂದರೆ ಮೂಲೆ ನೆಟ್ಟಗಿದೆ ಅಂತ ಅರ್ಥ. 9 + 16 = 25, ಅದಕ್ಕೇ 5. ನೀನು ಮಾಡಿದ ಹಾಗೆ ತುಂಡು ತುಂಡಾಗಿ ವರ್ಗಮೂಲ ತೆಗೆದರೆ 3 + 4 = 7 ಬರಬೇಕಿತ್ತು. ಟೇಪಿನಲ್ಲಿ 7 ಯಾವತ್ತೂ ಬರುವುದಿಲ್ಲ, ಯಾಕೆಂದರೆ ಅಡ್ಡದಾರಿ ಸುತ್ತುದಾರಿಗಿಂತ ಚಿಕ್ಕದು.

ನಿನ್ನ ಲೆಕ್ಕಕ್ಕೆ ಮೊದಲು 9 ಅನ್ನು ಆ ಕಡೆ ಕಳಿಸು: ಯ² = 16. ವರ್ಗ ಒಂಟಿಯಾಗಿ ನಿಂತ ಮೇಲೆ ಮಾತ್ರ ವರ್ಗಮೂಲಕ್ಕೆ ಕೈ ಹಾಕು. ಯ = 4 ಅಥವಾ −4.

ಪ್ರಶ್ನೆ: ನಮ್ಮದು 5 ಗುಂಟೆಯ ಒಂದು ತೋಟದ ತುಂಡು, ಆಯತಾಕಾರ. ಉದ್ದ ಅಗಲಕ್ಕಿಂತ 44 ಅಡಿ ಜಾಸ್ತಿ ಅಂತ ನಮ್ಮ ತಂದೆ ಹೇಳುತ್ತಿದ್ದರು. ಸುತ್ತ ತಂತಿ ಬೇಲಿ ಹಾಕಿಸಬೇಕು. ಎಷ್ಟು ಅಡಿ ಬೇಕಾಗುತ್ತದೆ ಅಂತ ಇಲ್ಲಿಂದಲೇ ಲೆಕ್ಕ ಹಾಕಬಹುದಾ? ನಾನಿರುವುದು ಬೆಂಗಳೂರಿನಲ್ಲಿ.
– ಓದುಗರು, ಬೆಂಗಳೂರು

ಉತ್ತರ: ಹಾಕಬಹುದು. ಇಂಥ ಪತ್ರ ಬಂದರೆ ನನಗೆ ತುಂಬಾ ಖುಷಿ.

ಒಂದು ಗುಂಟೆ ಅಂದರೆ 1089 ಚದರ ಅಡಿ. ಆ 1089 ಎಲ್ಲಿಂದ ಬಂತು ಅಂತ ಎಷ್ಟೋ ಜನ ಯೋಚನೆಯೇ ಮಾಡಿರುವುದಿಲ್ಲ. ಅದು 33ರ ವರ್ಗ. 33 ಅಡಿ ಉದ್ದ, 33 ಅಡಿ ಅಗಲದ ಚೌಕವೇ ಒಂದು ಗುಂಟೆ, ಅಂಥ 40 ಸೇರಿದರೆ ಒಂದು ಎಕರೆ. ನಿಮ್ಮದು 5 ಗುಂಟೆ, ಅಂದರೆ 5445 ಚದರ ಅಡಿ. ಅಗಲ ಯ ಅಡಿ ಅಂದುಕೊಂಡರೆ ಉದ್ದ ಯ + 44. ಯ(ಯ + 44) = 5445.

ಇದನ್ನು ಸೂತ್ರ ಇಲ್ಲದೆ, ಕಾಗದ ಕತ್ತರಿಸಿ ಬಿಡಿಸೋಣ. ಒಂದು ಆಯತದ ಹಾಳೆ ತಗೊಳ್ಳಿ, ಅದೇ ನಿಮ್ಮ ತೋಟ. ಅದರಲ್ಲಿ ಯ ಉದ್ದ ಯ ಅಗಲದ ಒಂದು ಚೌಕ ಇದೆ, ಅದಕ್ಕೆ ಅಂಟಿಕೊಂಡ ಹಾಗೆ 44 ಅಡಿ ಅಗಲದ ಒಂದು ಪಟ್ಟಿ ಇದೆ. ಆ ಪಟ್ಟಿಯನ್ನು ಕತ್ತರಿಸಿ ಉದ್ದುದ್ದಕ್ಕೆ ಸರಿಯಾಗಿ ಎರಡು ಸೀಳು ಮಾಡಿ. ಒಂದೊಂದು 22 ಅಡಿ ಅಗಲ. ಒಂದು ಸೀಳು ಚೌಕದ ಬಲಕ್ಕೆ ಇಡಿ, ಇನ್ನೊಂದನ್ನು ತಿರುಗಿಸಿ ಕೆಳಗೆ ಇಡಿ. ಈಗ ನೋಡಿ, ದೊಡ್ಡದೊಂದು ಚೌಕ ಆಗುವುದರಲ್ಲಿತ್ತು, ಬಲಗಡೆ ಕೆಳಮೂಲೆಯಲ್ಲಿ ಮಾತ್ರ ಒಂದು ಸಣ್ಣ ಚೌಕ ಖಾಲಿ ಉಳಿದಿದೆ. ಅದು 22 × 22, ಅಂದರೆ 484. ಅದನ್ನು ತುಂಬಿಬಿಟ್ಟರೆ ದೊಡ್ಡ ಚೌಕ ಪೂರ್ತಿ: (ಯ + 22)² = 5445 + 484 = 5929. ಯಾವುದರ ವರ್ಗ 5929? 77. ಹಾಗಾಗಿ ಯ + 22 = 77, ಯ = 55. ಅಗಲ 55 ಅಡಿ, ಉದ್ದ 99 ಅಡಿ. ಸುತ್ತಳತೆ 308 ಅಡಿ. ಮೂರು ಎಳೆ ತಂತಿ ಎಳೆಸುವುದಾದರೆ 924 ಅಡಿ, ಕಂಬಕ್ಕೆ ಸುತ್ತಲು, ಗಂಟು ಹಾಕಲು ಇನ್ನಷ್ಟು ಸೇರಿಸಿಕೊಳ್ಳಿ, ಗೇಟಿನ ಜಾಗ ಕಳೆಯಿರಿ.

ಪಠ್ಯದಲ್ಲಿ ‘ವರ್ಗ ಪೂರ್ಣಗೊಳಿಸುವ ವಿಧಾನ’ ಅಂತ ಇರುವುದು ಇದೇ. ‘ಮಧ್ಯದ ಪದದ ಸಹಗುಣಕದ ಅರ್ಧದ ವರ್ಗವನ್ನು ಎರಡೂ ಕಡೆ ಕೂಡಿ’ ಅಂತ ಮಕ್ಕಳು ಬಾಯಿಪಾಠ ಹೇಳುತ್ತಾರೆ. ಸಹಗುಣಕ ಅಂದರೆ ಯ ಜೊತೆ ಗುಣಿಸಿಕೊಂಡು ನಿಂತ ಸಂಖ್ಯೆ, ಇಲ್ಲಿ 44. ಅರ್ಧ ಯಾಕೆ? ಪಟ್ಟಿಯನ್ನು ಎರಡು ಸೀಳು ಮಾಡಿದ್ದಕ್ಕೆ. ವರ್ಗ ಯಾಕೆ? ಮೂಲೆಯಲ್ಲಿ ಖಾಲಿ ಉಳಿದದ್ದು ಚೌಕ. 9ನೇ ಶತಮಾನದಲ್ಲಿ ಬಾಗ್ದಾದಿನಲ್ಲಿ ಅಲ್ ಖ್ವಾರಿಜ್ಮಿ ಇದನ್ನು ಹೀಗೆ ಚಿತ್ರ ಬಿಡಿಸಿಯೇ ತೋರಿಸಿದ್ದರು. ಅವರ ಪುಸ್ತಕದ ಹೆಸರಿನಲ್ಲಿದ್ದ ‘ಅಲ್ ಜಬ್ರ್’ ಅನ್ನುವ ಪದವೇ ಮುಂದೆ ಆಲ್ಜೀಬ್ರಾ ಆಯಿತು.

ಇನ್ನೊಂದು ಚೆಂದದ ವಿಷಯ. ಯ + 22 = −77 ಅಂತಲೂ ಆಗಬಹುದಲ್ಲ? ಆಗ ಯ = −99. ಅಗಲ ಮೈನಸ್ ಇರುವುದಿಲ್ಲ, ಬಿಟ್ಟೆವು. ಆದರೆ ಬಿಡುವ ಮುಂಚೆ ಒಮ್ಮೆ ಅದನ್ನು ಸರಿಯಾಗಿ ನೋಡಿ: 99 ನಿಮ್ಮ ತೋಟದ ಉದ್ದ! ಮೇಲೆ ಅಣ್ಣ ತಂಗಿ ಲೆಕ್ಕದಲ್ಲಿ ಬಿಟ್ಟ −8 ಕೂಡ ಹಾಗೇ, ತಂಗಿಯ ವಯಸ್ಸು 8. ಒಂದು ಅಳತೆ ಕೇಳಿದರೆ ಸಮೀಕರಣ ಇನ್ನೊಂದು ಅಳತೆಯನ್ನೂ ಮೈನಸ್ ಹಾಕಿ ಪಕ್ಕದಲ್ಲೇ ಇಟ್ಟಿರುತ್ತದೆ. ಗುಣಲಬ್ಧವೂ ವ್ಯತ್ಯಾಸವೂ ಕೊಟ್ಟಿರುವ ಲೆಕ್ಕಗಳಲ್ಲೆಲ್ಲ ಹೀಗೇ ಆಗುತ್ತದೆ. ನಾನು ಇದನ್ನು ಗಮನಿಸಿದ್ದು ಕೆಲಸಕ್ಕೆ ಸೇರಿ ಎಷ್ಟೋ ವರ್ಷವಾದ ಮೇಲೆ. ಆ ದಿನ ಕ್ಲಾಸಿನಲ್ಲಿ ಪಾಠ ನಿಲ್ಲಿಸಿ ಮಕ್ಕಳ ಜೊತೆ ಹಳೆಯ ಲೆಕ್ಕಗಳನ್ನೆಲ್ಲ ಮತ್ತೆ ತೆಗೆದು ನೋಡಿದ್ದೆ.

ತಂತಿ ಕೊಳ್ಳುವ ಮುಂಚೆ ಮಾತ್ರ ಜಾಗಕ್ಕೆ ಹೋಗಿ ಟೇಪು ಹಿಡಿಸಿ. ನಾಲ್ಕೂ ಬದಿ ಅಳೆದರೆ ಸಾಲದು, ಮೂಲೆಯಿಂದ ಮೂಲೆಗೆ ಎರಡು ಕಡೆಯಿಂದಲೂ ಅಳೆಸಿ. ನಿಜವಾದ ಆಯತವಾದರೆ ಎರಡೂ ಹೆಚ್ಚುಕಡಿಮೆ 113 ಅಡಿ 3 ಇಂಚು ಬರಬೇಕು. ಒಂದು ಜಾಸ್ತಿ ಒಂದು ಕಮ್ಮಿ ಬಂದರೆ ತುಂಡು ಓರೆಯಾಗಿದೆ, ಆಗ ಈ ಲೆಕ್ಕ ನಿಲ್ಲುವುದಿಲ್ಲ.

ಪ್ರಶ್ನೆ: ಮಧ್ಯದ ಪದ ಒಡೆಯುವುದು, ವರ್ಗ ಪೂರ್ಣ ಮಾಡುವುದು ಎಲ್ಲ ಬಿಟ್ಟು ಸೂತ್ರವೊಂದನ್ನೇ ಬಾಯಿಪಾಠ ಮಾಡಿದರೆ ಸಾಕಲ್ವಾ? ಎಲ್ಲ ಲೆಕ್ಕಕ್ಕೂ ಅದು ನಡೆಯುತ್ತದಲ್ಲ?
– ಎಸ್ಸೆಸ್ಸೆಲ್ಸಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ನಡೆಯುತ್ತದೆ ಮರೀ. ‘ಅಪವರ್ತನ ವಿಧಾನದಿಂದ ಬಿಡಿಸಿ’ ಅಂತ ಪ್ರಶ್ನೆಯಲ್ಲೇ ಹೇಳಿದ್ದರೆ ಮಾತ್ರ ಸೂತ್ರ ಹಾಕುವ ಹಾಗಿಲ್ಲ. ಆದರೆ ಸೂತ್ರ ಎಲ್ಲಿಂದ ಬಂತು ಅಂತ ಒಂದು ಸಲ ನೋಡಿಬಿಟ್ಟರೆ ಪರೀಕ್ಷೆಯ ಗಾಬರಿಯಲ್ಲಿ ಮರೆತರೂ ನೀನೇ ಮತ್ತೆ ಕಟ್ಟಿಕೊಳ್ಳಬಹುದು.

ಶ್ರೀಧರಾಚಾರ್ಯರು ಅಂತ ಒಬ್ಬರಿದ್ದರು, ಭಾಸ್ಕರಾಚಾರ್ಯರಿಗಿಂತ ತುಂಬಾ ಹಿಂದಿನವರು. ಅವರ ಬೀಜಗಣಿತದ ಪುಸ್ತಕ ಈಗ ಸಿಗುವುದಿಲ್ಲ. ಅವರು ಹೇಳಿದ ಈ ಉಪಾಯ ಮಾತ್ರ ಉಳಿದಿದೆ, ಅದೂ ಭಾಸ್ಕರಾಚಾರ್ಯರು ತಮ್ಮ ಪುಸ್ತಕದಲ್ಲಿ ಎತ್ತಿ ಬರೆದಿದ್ದರಿಂದ. ಉಪಾಯ ಇಷ್ಟೇ: ವರ್ಗದ ಪದದ ಸಹಗುಣಕವನ್ನು 4ರಿಂದ ಗುಣಿಸು, ಬಂದದ್ದರಿಂದ ಎರಡೂ ಕಡೆ ಗುಣಿಸು. ಆಮೇಲೆ ಮಧ್ಯದ ಪದದ ಸಹಗುಣಕದ ವರ್ಗವನ್ನು ಎರಡೂ ಕಡೆ ಕೂಡು.

ಮಾಡಿ ನೋಡೋಣ. 2ಯ² − 7ಯ + 3 = 0. ಮೊದಲು 3 ಅನ್ನು ಆ ಕಡೆ ಕಳಿಸು: 2ಯ² − 7ಯ = −3. ವರ್ಗದ ಸಹಗುಣಕ 2, ಅದರ 4 ಪಟ್ಟು 8. ಎರಡೂ ಕಡೆ 8ರಿಂದ ಗುಣಿಸು: 16ಯ² − 56ಯ = −24. ಈಗ 7ರ ವರ್ಗ 49 ಕೂಡು: 16ಯ² − 56ಯ + 49 = 25. ಎಡಗಡೆ ನೋಡು, ಅದು (4ಯ − 7)². ಹಾಗಾಗಿ 4ಯ − 7 = 5 ಅಥವಾ −5. ಯ = 3 ಅಥವಾ ಅರ್ಧ. ದಾರಿಯಲ್ಲಿ ಎಲ್ಲೂ ಭಿನ್ನರಾಶಿ ಬರಲಿಲ್ಲ ಗಮನಿಸಿದೆಯಾ? ಮಾಮೂಲಿ ರೀತಿಯಲ್ಲಿ ಮೊದಲೇ 2ರಿಂದ ಭಾಗಿಸಿ ವರ್ಗ ಪೂರ್ಣ ಮಾಡಲು ಹೋದರೆ ಏಳು ನಾಲ್ಕಾಂಶದ ವರ್ಗ ಬಂದು ಕೂರುತ್ತದೆ, ಅರ್ಧಕ್ಕರ್ಧ ಮಕ್ಕಳು ಅಲ್ಲೇ ಜಾರುತ್ತಾರೆ. 2, −7, 3 ಇರುವ ಕಡೆ ಅ, ಬ, ಕ ಅಂತ ಅಕ್ಷರ ಇಟ್ಟು ಇದನ್ನೇ ಮತ್ತೊಮ್ಮೆ ಮಾಡು. ಕೊನೆಯಲ್ಲಿ ನಿಲ್ಲುವುದು ನಿನ್ನ ಸೂತ್ರವೇ: ಯ = (−ಬ ± √(ಬ² − 4ಅಕ)) ÷ 2ಅ.

ಮಧ್ಯದ ಪದ ಒಡೆಯುವಾಗ ಜೋಡಿ ಸಿಗದೆ ಹತ್ತು ನಿಮಿಷ ಕಳೆಯುವವರಿಗೆ ಒಂದು ಮಾತು. ಮೊದಲು ಬ² − 4ಅಕ, ಅದೇ ಶೋಧಕ, ಎಷ್ಟು ಅಂತ ಪಕ್ಕದಲ್ಲಿ ಬರೆದುಕೊಳ್ಳಿ. ಮೇಲಿನ ಲೆಕ್ಕದಲ್ಲಿ 49 − 24 = 25, ಪೂರ್ಣ ವರ್ಗ, ಹಾಗಾಗಿ ಜೋಡಿ ಸಿಕ್ಕೇ ಸಿಗುತ್ತದೆ: −6 ಮತ್ತು −1 (ಗುಣಿಸಿದರೆ 2 × 3 = 6, ಕೂಡಿದರೆ −7). ಆದರೆ ಯ² − 4ಯ − 1 = 0 ತಗೊಂಡರೆ 16 + 4 = 20, ಪೂರ್ಣ ವರ್ಗ ಅಲ್ಲ. ಎಷ್ಟು ಹುಡುಕಿದರೂ ಪೂರ್ಣಾಂಕದ ಜೋಡಿ ಸಿಗುವುದಿಲ್ಲ. ನೇರವಾಗಿ ಸೂತ್ರಕ್ಕೆ ಹೋಗಬೇಕು, ಉತ್ತರ 2 + √5 ಮತ್ತು 2 − √5.

ಪ್ರಶ್ನೆ: ಯ² + 16 = 0 ಅಂತ ಬಂದರೆ ಏನು ಬರೆಯಬೇಕು ಮೇಡಂ? ನಮ್ಮ ಅಣ್ಣ ಪಿಯುಸಿ, ಉತ್ತರ ಇದೆ ಅಂತಾನೆ. ನಮ್ಮ ಪುಸ್ತಕದಲ್ಲಿ ಇಲ್ಲ ಅಂತಿದೆ.
– 10ನೇ ತರಗತಿ, ಕೊಪ್ಪಳ

ಉತ್ತರ: ಇಬ್ಬರೂ ಸರಿ. ನಿನಗೆ ಗೊತ್ತಿರುವ ಸಂಖ್ಯೆಗಳಲ್ಲಿ, ಅಂದರೆ ವಾಸ್ತವ ಸಂಖ್ಯೆಗಳಲ್ಲಿ, ಯಾವುದರ ವರ್ಗವೂ −16 ಆಗುವುದಿಲ್ಲ. ‘ವಾಸ್ತವ ಮೂಲಗಳಿಲ್ಲ’ ಅಂತ ಬರೆ. ಸುಮ್ನೆ ‘ಉತ್ತರ ಇಲ್ಲ’ ಅಂತ ಬರೆಯಬೇಡ, ‘ವಾಸ್ತವ’ ಅನ್ನುವ ಪದ ಮುಖ್ಯ. ಪಿಯುಸಿಗೆ ಹೋದ ಮೇಲೆ ಸಂಕೀರ್ಣ ಸಂಖ್ಯೆ ಅಂತ ಹೊಸ ಪಾಠ ಬರುತ್ತದೆ, ಅಲ್ಲಿ ಇದಕ್ಕೂ ಎರಡು ಉತ್ತರ ಇವೆ. ನಮ್ಮ ನಾಡಿನ ಮಹಾವೀರಾಚಾರ್ಯರು, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದವರು, 850ರ ಸುಮಾರಿಗೆ ಬರೆದ ಗಣಿತಸಾರಸಂಗ್ರಹದಲ್ಲಿ ಋಣ ಸಂಖ್ಯೆ ಸ್ವಭಾವದಿಂದಲೇ ವರ್ಗ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲ ಇಲ್ಲ ಅಂತ ಬರೆದಿದ್ದಾರೆ. ನಿನ್ನ ಪುಸ್ತಕ ಹೇಳುವುದೂ ಅದನ್ನೇ.

ಪ್ರಶ್ನೆ: ರಜೆಯಲ್ಲಿ ಮೊಮ್ಮಕ್ಕಳು ಬರುತ್ತಿದ್ದಾರೆ. ದೊಡ್ಡವನು ಹತ್ತನೇ ಕ್ಲಾಸು. ಅವನ ಕೈಗೆ ಕೊಡಲು ಒಂದು ಒಳ್ಳೆಯ ಲೆಕ್ಕ ಹೇಳಿ.
– ನಿವೃತ್ತರು, ಧಾರವಾಡ

ಉತ್ತರ: ಮಹಾವೀರಾಚಾರ್ಯರ ಹೆಸರು ಬಂತಲ್ಲ, ಅವರದೇ ಕೊಡಿ. ಒಂದು ಒಂಟೆಗಳ ಹಿಂಡು. ಕಾಲು ಭಾಗ ಕಾಡಿನಲ್ಲಿ ಕಂಡಿತು. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಇಳಿಜಾರಿಗೆ ಹೋದವು. ಮೂರೈದಲ ಹದಿನೈದು ಒಂಟೆ ನದಿಯ ದಡದಲ್ಲಿ ಉಳಿದವು. ಒಟ್ಟು ಎಷ್ಟು ಒಂಟೆ?

ಹುಡುಗ ಹಿಂಡನ್ನೇ ಯ ಅಂದುಕೊಂಡರೆ ವರ್ಗಮೂಲದ ಚಿಹ್ನೆ ಬಂದು ಒದ್ದಾಡುತ್ತಾನೆ. ಸ್ವಲ್ಪ ಹೊತ್ತು ಒದ್ದಾಡಲಿ ಬಿಡಿ, ಅವಸರ ಮಾಡಬೇಡಿ. ಆಮೇಲೆ ಹೇಳಿ, ಹಿಂಡಿನ ವರ್ಗಮೂಲವನ್ನೇ ಯ ಅಂದುಕೋ ಅಂತ. ಆಗ ಹಿಂಡು ಯ² ಆಗುತ್ತದೆ, ಲೆಕ್ಕ 3ಯ² − 8ಯ − 60 = 0ಕ್ಕೆ ಬಂದು ನಿಲ್ಲುತ್ತದೆ. ಶ್ರೀಧರಾಚಾರ್ಯರ ಉಪಾಯದಲ್ಲಿ 12ರಿಂದ ಗುಣಿಸಿ 64 ಕೂಡಿದರೆ (6ಯ − 8)² = 784, ಅದು 28ರ ವರ್ಗ. ಯ = 6 ಬರುತ್ತದೆ, ಜೊತೆಗೆ ಮೈನಸ್ ಹತ್ತು ಮೂರಾಂಶ ಅಂತ ಇನ್ನೊಂದು. ಆ ಇನ್ನೊಂದನ್ನು ಯಾಕೆ ಬಿಡಬೇಕು ಅಂತ ಅವನೇ ಹೇಳಲಿ, ಎರಡು ಕಾರಣ ಸಿಗುತ್ತವೆ. ಹಿಂಡು 36 ಅಂದ ಮೇಲೆ 36 ಹುಣಸೆ ಬೀಜ ಕೊಟ್ಟು ಹಂಚಿಸಿ: ಕಾಡಿಗೆ 9, ಬೆಟ್ಟಕ್ಕೆ 12, ನದಿಯ ದಡಕ್ಕೆ 15.